ಫೋಟೊ ಕೆಟ್ಟರೆ ಲೆನ್ಸನ್ನು ಬಯ್ಯಬೇಡಿ, ಮೊದಲು ಫಿಲ್ಟರ್ ಬಿಚ್ಚಿ

ಹೋದ ಡಿಸೆಂಬರ್‌ನಲ್ಲಿ ಅಕ್ಕನ ಮಗ ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಗೆ ಬಂದ. ಹೆಗಲಲ್ಲಿ ಕ್ಯಾಮೆರಾ, ಮುಖ ಮಾತ್ರ ಬಾಡಿತ್ತು. "ಮಾವ, ಲೆನ್ಸ್ ಹೋಯ್ತು ಅಂತ ಕಾಣ್ತದೆ" ಎಂದು ಫೋಟೊ ತೋರಿಸಿದ. ಮರೀನ್ ಡ್ರೈವ್‌ನಲ್ಲಿ ರಾತ್ರಿ ತೆಗೆದದ್ದು. ರಸ್ತೆ ದೀಪಗಳ ಸಾಲು, ಎಲ್ಲರೂ ಕ್ವೀನ್ಸ್ ನೆಕ್ಲೇಸ್ ಅನ್ನುತ್ತಾರಲ್ಲ, ಅದು ಚೆನ್ನಾಗಿಯೇ ಬಂದಿತ್ತು. ಆದರೆ ಮೇಲಿನ ಕಪ್ಪು ಆಕಾಶದಲ್ಲಿ ಅಂಥದ್ದೇ ಇನ್ನೊಂದು ಹಾರ ತಲೆಕೆಳಗಾಗಿ, ತಿಳಿ ಹಸಿರು ಬಣ್ಣದಲ್ಲಿ ನೇತಾಡುತ್ತಿತ್ತು. ರಿಪೇರಿಯವರೊಬ್ಬರಿಗೆ ತೋರಿಸಿದ್ದಾನೆ. ಲೆನ್ಸ್ ಒಳಗೆ ಕ್ಲೀನ್ ಮಾಡಬೇಕು, ನಾಲ್ಕು ಸಾವಿರ ಆಗುತ್ತದೆ ಅಂದರಂತೆ.

ನಾನು ಲೆನ್ಸ್ ಮುಂದೆ ತಿರುಗಿಸಿ ಕೂರಿಸಿದ್ದ ಗಾಜಿನ ಬಿಲ್ಲೆ, ಅಂದರೆ ಫಿಲ್ಟರ್, ಬಿಚ್ಚಿ ಅವನ ಕೈಗಿಟ್ಟೆ. ಬಾಲ್ಕನಿಗೆ ಹೋಗಿ ಎದುರಿನ ಬಿಲ್ಡಿಂಗ್‌ನ ದೀಪಗಳ ಫೋಟೊ ತೆಗೆ ಅಂದೆ. ತೆಗೆದ. ಹಸಿರು ಚುಕ್ಕಿ ಒಂದೂ ಇರಲಿಲ್ಲ.

ಮಾಟುಂಗದ ಕಡೆ ನಮ್ಮ ಕನ್ನಡದವರ ಕಾರ್ಯಕ್ರಮ ಇದ್ದಾಗ ಫೋಟೊ ತೆಗೆಯುವ ಕೆಲಸ ನನ್ನ ಪಾಲಿಗೆ ಬರುತ್ತದೆ. ಮುಗಿದ ಮೇಲೆ ಕಾಫಿ ಹೊತ್ತಿಗೆ ಯಾರಾದರೂ ಕ್ಯಾಮೆರಾ ಹಿಡಿದುಕೊಂಡು ಪಕ್ಕಕ್ಕೆ ಬಂದು ನಿಲ್ಲುವುದೂ ಮಾಮೂಲು. ಬಹಳ ಸಲ ಕಳ್ಳ ಒಬ್ಬನೇ: ಕ್ಯಾಮೆರಾ ಜೊತೆ ಅಂಗಡಿಯವರು "ಇದನ್ನೂ ಹಾಕ್ಕೊಳ್ಳಿ, ಸೇಫ್ಟಿಗೆ" ಎಂದು ಕೊಟ್ಟ ಅಗ್ಗದ ಫಿಲ್ಟರ್. ಅದಕ್ಕೇ ಈ ಬರಹವನ್ನು ಯಾವ ಫಿಲ್ಟರ್ ಒಳ್ಳೆಯದು ಎಂಬಲ್ಲಿಂದ ಶುರು ಮಾಡುವುದಿಲ್ಲ. ಫೋಟೊದಲ್ಲಿ ಏನು ತಪ್ಪು ಕಾಣುತ್ತಿದೆ ಎಂಬಲ್ಲಿಂದ ಶುರು ಮಾಡುತ್ತೇನೆ. ಯಾವುದನ್ನು ಕೊಳ್ಳಬೇಕು ಅನ್ನುವುದು ಆಮೇಲೆ ತಾನಾಗಿ ಗೊತ್ತಾಗುತ್ತದೆ.

ಯಾವ ತೊಂದರೆಯೇ ಇರಲಿ, ಮೊದಲ ಪರೀಕ್ಷೆ ಇದು

ಫಿಲ್ಟರ್ ಹಾಕಿ ಮೂರು ಫೋಟೊ, ಬಿಚ್ಚಿ ಮೂರು ಫೋಟೊ. ಅಷ್ಟೇ. ಆದರೆ ನಡುವೆ ಬೇರೆ ಏನೂ ಬದಲಾಗಬಾರದು. ಟ್ರೈಪಾಡ್ ಇದ್ದರೆ ಸರಿ, ಇಲ್ಲದಿದ್ದರೆ ಎರಡು ಕಿಲೋ ಅಕ್ಕಿ ಚೀಲದ ಮೇಲೆ ಕ್ಯಾಮೆರಾ ಕೂರಿಸಿ. ಮ್ಯಾನುಯಲ್‌ಗೆ ಹಾಕಿ, ಐಎಸ್‌ಒ, ಶಟರ್, ಅಪರ್ಚರ್ (ಬೆಳಕಿನ ಸೂಕ್ಷ್ಮತೆ, ಬೆಳಕು ಬೀಳುವ ಹೊತ್ತು, ಬೆಳಕು ಬರುವ ಕಿಂಡಿಯ ಅಗಲ) ಮೂರನ್ನೂ ಒಂದೇ ಕಡೆ ನಿಲ್ಲಿಸಿ. ಎರಡು ಸೆಕೆಂಡಿನ ಟೈಮರ್ ಇಡಿ, ಬಟನ್ ಒತ್ತಿದ ಅಲುಗಾಟ ಫೋಟೊಕ್ಕೆ ಬರಬಾರದು. ಮೂರು ಮೂರು ಯಾಕೆ ಅಂದರೆ, ಒಂದೇ ಫೋಟೊದಲ್ಲಿ ಫೋಕಸ್ ಕೂದಲೆಳೆಯಷ್ಟು ತಪ್ಪಿದ್ದರೂ ಪಾಪ ಫಿಲ್ಟರ್ ತಲೆಗೆ ಅಪವಾದ ಬರುತ್ತದೆ.

ಬಿಚ್ಚಿದಾಗ ತೊಂದರೆ ಹೋಯಿತೇ? ಕೆಳಗೆ ಓದಿ. ಹೋಗಲಿಲ್ಲವೇ? ಹಾಗಾದರೆ ಬೇರೆ ಲೆನ್ಸ್ ಹಾಕಿ ನೋಡಿ. ಆಗಲೂ ಅದೇ ಜಾಗದಲ್ಲಿ ಅದೇ ಕಲೆ ಇದ್ದರೆ ಅದು ಸೆನ್ಸರ್ (ಲೆನ್ಸಿನ ಹಿಂದೆ ಚಿತ್ರ ಹಿಡಿಯುವ ಫಲಕ) ಮೇಲಿನ ಧೂಳು. ಬೇರೆ ಲೆನ್ಸಿನಲ್ಲಿ ಸರಿ ಬಂದರೆ ನಿಮ್ಮ ಲೆನ್ಸಿನದೇ ತೊಂದರೆ. ಸೆನ್ಸರ್‌ಗೆ ಬಾಯಿಂದ ಊದಬೇಡಿ, ಉಗುಳಿನ ಹನಿ ಬಿದ್ದರೆ ಧೂಳೇ ವಾಸಿ ಅನ್ನಿಸುತ್ತದೆ.

ರಾತ್ರಿ ಫೋಟೊದಲ್ಲಿ ಹಸಿರು ಚುಕ್ಕಿ, ತಲೆಕೆಳಗಾದ ದೀಪ

ಅಕ್ಕನ ಮಗನ ಕೇಸು ಇದೇ. ಗುರುತಿಸುವುದು ಸುಲಭ. ಫೋಟೊದ ನಟ್ಟನಡುವೆ ಬೆರಳಿಡಿ. ಎಡಗಡೆ ಕೆಳಗೆ ಒಂದು ದೀಪ ಇದೆ ಅಂದುಕೊಳ್ಳಿ. ಅಲ್ಲಿಂದ ನಡುವಿನ ಮೂಲಕ ಗೆರೆ ಎಳೆದು ಅಷ್ಟೇ ದೂರ ಆಚೆಗೆ ಹೋದರೆ ಬಲಗಡೆ ಮೇಲೆ ಹಸಿರು ಚುಕ್ಕಿ ಸಿಗಬೇಕು. ಪ್ರತಿ ದೀಪಕ್ಕೂ ಹೀಗೆ ಒಂದು ಜೋಡಿ ಸಿಕ್ಕರೆ, ಅದು ಹೆಚ್ಚುಕಮ್ಮಿ ಖಂಡಿತ ಫಿಲ್ಟರ್‌ನದೇ ಕೆಲಸ.

ಆಗುವುದು ಇಷ್ಟು. ದೀಪದ ಬೆಳಕು ಲೆನ್ಸ್ ದಾಟಿ ಸೆನ್ಸರ್‌ಗೆ ಬೀಳುತ್ತದೆ. ಸೆನ್ಸರ್ ಹೊಳಪಿನ ವಸ್ತು, ಸ್ವಲ್ಪ ಬೆಳಕನ್ನು ವಾಪಸ್ ಕಳಿಸುತ್ತದೆ. ಅದು ಮತ್ತೆ ಲೆನ್ಸ್ ಮೂಲಕವೇ ಹೊರಗೆ ಬಂದು ಫಿಲ್ಟರ್‌ನ ಚಪ್ಪಟೆ ಗಾಜಿಗೆ ಬಡಿದು ಇನ್ನೊಮ್ಮೆ ಒಳಗೆ ಹೋಗುತ್ತದೆ. ಲೆನ್ಸಿನ ಗಾಜುಗಳಿಗೆ ಉಬ್ಬು ತಗ್ಗು ಇರುವುದರಿಂದ ಅವುಗಳಿಗೆ ಬಡಿದ ಬೆಳಕು ಚದುರಿಹೋಗುತ್ತದೆ. ಫಿಲ್ಟರ್ ಕನ್ನಡಿಯಂತೆ ಸಪಾಟು, ಅದಕ್ಕೇ ದೀಪದ ಆಕಾರ ಕೆಡದೆ ಉಲ್ಟಾ ಮೂಡುತ್ತದೆ. ಹಗಲಲ್ಲೂ ಇದು ಇದ್ದೇ ಇರುತ್ತದೆ, ಬೆಳ್ಳಗಿನ ಆಕಾಶದಲ್ಲಿ ಕಾಣುವುದಿಲ್ಲ ಅಷ್ಟೇ.

ಕೋಟಿಂಗ್ (ಬೆಳಕು ವಾಪಸ್ ಹೋಗದಂತೆ ಬಳಿಯುವ ತೆಳು ಪದರ) ಇಲ್ಲದ ಗಾಜು ಪ್ರತಿ ಮುಖದಿಂದ ಸುಮಾರು 4 ಶೇಕಡಾ ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ. ಎರಡು ಮುಖ ಸೇರಿ ಸುಮಾರು 8. ಒಳ್ಳೆಯ ಮಲ್ಟಿಕೋಟಿಂಗ್ ಇದ್ದರೆ ಮುಖವೊಂದಕ್ಕೆ ಅರ್ಧ ಶೇಕಡಾಕ್ಕಿಂತ ಕಡಿಮೆಗೆ ಇಳಿಯುತ್ತದೆ. ನಿಮ್ಮದು ಯಾವ ಜಾತಿ ಅಂತ ನೋಡಲು ಉಪಕರಣ ಬೇಡ, ಮನೆಯ ಟ್ಯೂಬ್‌ಲೈಟ್ ಸಾಕು. ಫಿಲ್ಟರ್ ಬಿಚ್ಚಿ, ಕಪ್ಪು ಬಟ್ಟೆಯ ಮೇಲೆ ಹಿಡಿದು, ಟ್ಯೂಬ್‌ಲೈಟ್ ಅದರಲ್ಲಿ ಕಾಣುವ ಹಾಗೆ ಓರೆ ಮಾಡಿ. ಟ್ಯೂಬ್ ಬೆಳ್ಳಗೆ, ಝಗ್ ಅಂತ ಕಂಡರೆ ಅದು ಬರೀ ಕಿಟಕಿ ಗಾಜು. ಮಂಕಾಗಿ, ಹಸಿರೋ ನೇರಳೆಯೋ ಬಣ್ಣದಲ್ಲಿ ಕಂಡರೆ ಕೋಟಿಂಗ್ ಇದೆ. ಅವನ ಫಿಲ್ಟರ್ ಮೇಲೆ ಮಲ್ಟಿಕೋಟೆಡ್ ಅಂತ ದೊಡ್ಡದಾಗಿ ಬರೆದಿತ್ತು. ಅದರಲ್ಲಿ ನಮ್ಮ ಅಡುಗೆಮನೆಯ ಟ್ಯೂಬ್‌ಲೈಟ್ ಎಷ್ಟು ಚೆನ್ನಾಗಿ ಕಂಡಿತು ಅಂದರೆ, ಟ್ಯೂಬಿನ ತುದಿಯಲ್ಲಿದ್ದ ಜೇಡರ ಬಲೆಯನ್ನೂ ನನ್ನ ಹೆಂಡತಿ ಅಲ್ಲಿಯೇ ನೋಡಿ ಪೊರಕೆ ತಂದಳು.

ಪರಿಹಾರ: ರಾತ್ರಿ ದೀಪಗಳನ್ನು ತೆಗೆಯುವಾಗ, ಸೂರ್ಯ ಫ್ರೇಮಿನ ಒಳಗೆ ಇರುವಾಗ, ಫಿಲ್ಟರ್ ಬಿಚ್ಚಿ ಜೇಬಿಗೆ ಹಾಕಿ. ದುಬಾರಿ ಫಿಲ್ಟರ್‌ನಲ್ಲೂ ಚುಕ್ಕಿ ಪೂರ್ತಿ ಹೋಗುವುದಿಲ್ಲ, ಮಂಕಾಗುತ್ತದೆ. ಇಲ್ಲೊಂದು ಎಚ್ಚರಿಕೆ. ಈ ಫಿಲ್ಟರ್‌ಗಳು ಸೂರ್ಯನಿಂದ ಕಾಪಾಡುವಂಥವಲ್ಲ. ಕನ್ನಡಿ ಇರುವ ಡಿಎಸ್‌ಎಲ್‌ಆರ್‌ನ ವ್ಯೂಫೈಂಡರ್‌ನಲ್ಲಿ ಕಣ್ಣಿಟ್ಟು ಸೂರ್ಯನನ್ನು ನೋಡಬೇಡಿ, ಕಣ್ಣು ಹೋದರೆ ಬದಲಿ ಸಿಗುವುದಿಲ್ಲ. ಮೆರವಣಿಗೆಯ ಲೇಸರ್ ಲೈಟ್‌ಗಳೂ ಹಾಗೆಯೇ. ಲೇಸರ್ ನೇರ ಲೆನ್ಸಿಗೆ ಬಿದ್ದರೆ ಸೆನ್ಸರ್ ಸುಡಬಹುದು, ಮುಂದೆ ಫಿಲ್ಟರ್ ಇದ್ದರೂ ಅದು ತಡೆಯುವುದಿಲ್ಲ.

ಫೋಟೊ ಪೂರ್ತಿ ಮಬ್ಬು, ಕಪ್ಪು ಬಣ್ಣ ಬೂದಿಯಂತೆ

ಚುಕ್ಕಿ ಇಲ್ಲ, ಆದರೆ ಇಡೀ ಚಿತ್ರದ ಮೇಲೆ ತೆಳು ಹಾಲಿನ ಕೆನೆ ಹರಡಿದಂತಿದೆ. ಮುಂಬೈಯಲ್ಲಿ ಇದಕ್ಕೆ ಮೂರು ಕಾರಣ, ಮೂರೂ ಅಗ್ಗದವೇ.

ಮೊದಲನೆಯದು ಬೆರಳಿನ ಎಣ್ಣೆ. ವಡಾಪಾವ್ ತಿಂದ ಕೈಯಲ್ಲಿ ಕ್ಯಾಪ್ ಹಾಕಿದರೆ ಆಗುವುದು ಇದು. ಫಿಲ್ಟರನ್ನು ಓರೆಯಾಗಿ ಬೆಳಕಿಗೆ ಹಿಡಿದರೆ ಕಾಮನಬಿಲ್ಲಿನಂಥ ಪಟ್ಟಿ ಕಾಣುತ್ತದೆ.

ಎರಡನೆಯದು ಎಸಿ. ಎಸಿ ಲೋಕಲ್‌ನಿಂದ ಚರ್ಚ್‌ಗೇಟ್‌ನಲ್ಲಿ ಇಳಿದು, ಐದು ನಿಮಿಷಕ್ಕೆ ಸಮುದ್ರದ ಹತ್ತಿರ ಹೋಗಿ ಕ್ಯಾಮೆರಾ ತೆಗೆದರೆ ಗಾಜಿನ ಮೇಲೆ ಬೆವರು ಕೂರುತ್ತದೆ. ತಣ್ಣಗಿನ ಚೊಂಬಿನ ಹೊರಗೆ ನೀರು ಕೂರುವ ಹಾಗೆ. ಒರೆಸುತ್ತಾ ಕೂತರೆ ಮತ್ತೆ ಮತ್ತೆ ಬರುತ್ತದೆ. ಕ್ಯಾಮೆರಾವನ್ನು ಬ್ಯಾಗ್‌ನಲ್ಲೇ, ಜಿಪ್ ಹಾಕಿಯೇ ಅರ್ಧ ಗಂಟೆ ಬಿಡಿ, ಹೊರಗಿನ ಬಿಸಿಗೆ ಹೊಂದಿಕೊಳ್ಳಲಿ. ಮಂಜು ಫಿಲ್ಟರ್ ಮತ್ತು ಲೆನ್ಸಿನ ನಡುವೆ ಇದ್ದರೆ ಫಿಲ್ಟರ್ ಬಿಚ್ಚಿದರೆ ಬೇಗ ಆರುತ್ತದೆ. ಲೆನ್ಸಿನ ಒಳಗಿನ ಗಾಜುಗಳ ನಡುವೆ ಇದ್ದರೆ, ಒಂದು ದಿನ ಬಿಟ್ಟರೂ ಹೋಗದಿದ್ದರೆ, ಅಲ್ಲಿಗೆ ನಿಮ್ಮ ಕೆಲಸ ಮುಗಿಯಿತು. ಸರ್ವಿಸ್‌ಗೆ ಕೊಡಿ. ಹೇರ್ ಡ್ರೈಯರ್ ಹಿಡಿಯಬೇಡಿ.

ಮೂರನೆಯದು ಉಪ್ಪು. ಇದೇ ದೊಡ್ಡ ವೈರಿ. ಮಳೆಗಾಲದ ಉಬ್ಬರದ ಹೊತ್ತಿಗೆ ಮರೀನ್ ಡ್ರೈವ್ ಕಟ್ಟೆಯ ಮೇಲೆ ಹತ್ತು ನಿಮಿಷ ನಿಂತರೂ ಸಾಕು, ಗಾಜಿನ ಮೇಲೆ ಸಣ್ಣ ಸಣ್ಣ ಹನಿ. ಆರಿದ ಮೇಲೆ ಉಪ್ಪಿನ ಹರಳು. ಒಣ ಬಟ್ಟೆ ಹಾಕಿ ತಿಕ್ಕಿದಿರೋ, ಆ ಹರಳು ಕೋಟಿಂಗನ್ನು ಗೀರುತ್ತದೆ. (ಕಟ್ಟೆಯ ಮೇಲೆಯೇ ನಿಲ್ಲಿ, ಕೆಳಗಿನ ಟೆಟ್ರಾಪಾಡ್ ಕಲ್ಲುಗಳ ಮೇಲೆ ಇಳಿಯಬೇಡಿ. ಅಲೆ ಎಳೆದುಕೊಂಡು ಹೋದರೆ ಫೋಟೊ ತೆಗೆಯುವವರೂ ಉಳಿಯುವುದಿಲ್ಲ.)

ಇಂಥ ಕಡೆ ಫಿಲ್ಟರ್ ನಿಜವಾಗಿ ಉಪಕಾರಿ. ಲೆನ್ಸನ್ನು ನಲ್ಲಿ ಕೆಳಗೆ ಹಿಡಿಯಲು ಆಗುವುದಿಲ್ಲ, ಫಿಲ್ಟರನ್ನು ಹಿಡಿಯಬಹುದು. ಮನೆಗೆ ಬಂದ ಕೂಡಲೇ ಬಿಚ್ಚಿ, ನಲ್ಲಿಯ ಸಣ್ಣ ಧಾರೆಯಲ್ಲಿ ಉಪ್ಪು ಕರಗಲು ಬಿಡಿ. ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಹನಿ ಬೆರಳ ತುದಿಗೆ ಹಾಕಿ ಸವರಿ, ತೊಳೆದು, ಮೈಕ್ರೋಫೈಬರ್ ಬಟ್ಟೆಯಲ್ಲಿ ಒತ್ತಿ ಆರಿಸಿ. ರಿಂಗಿನ ಥ್ರೆಡ್‌ನಲ್ಲಿ ನೀರು ಉಳಿಯದ ಹಾಗೆ ನೋಡಿ. ಪೋಲರೈಜರ್‌ಗೆ (ನೀರು, ಗಾಜಿನ ಹೊಳಪು ತಗ್ಗಿಸುವ ಫಿಲ್ಟರ್) ಮಾತ್ರ ಹೀಗೆ ಸ್ನಾನ ಮಾಡಿಸಬೇಡಿ, ಎರಡು ಗಾಜಿನ ನಡುವೆ ಪದರ ಅಂಟಿಸಿರುತ್ತಾರೆ, ಅಂಚಿನಿಂದ ನೀರು ಒಳಗೆ ಹೋಗುತ್ತದೆ.

ಇಷ್ಟು ಮಾಡಿದ ಮೇಲೂ ಮಬ್ಬು ಉಳಿದರೆ ಟಾರ್ಚ್ ಹಾಕಿ ನೋಡಿ. ವರ್ಷಗಟ್ಟಲೆ ಷರ್ಟಿನ ತುದಿಯಲ್ಲಿ ಒರೆಸಿದ ಫಿಲ್ಟರ್ ಮೇಲೆ ಕೂದಲಿನಷ್ಟು ತೆಳುವಾದ ನೂರಾರು ಗೀರು ಕಾಣುತ್ತವೆ. ಅದು ಬಿಸಾಡುವ ಹೊತ್ತು. ಒಂದೇ ಒಂದು ಉದ್ದ ಗೀರು ಇದ್ದರೆ ಮಾತ್ರ ತಲೆ ಕೆಡಿಸಿಕೊಳ್ಳಬೇಡಿ, ಫೋಟೊದಲ್ಲಿ ಅದು ಕಾಣುವುದೇ ಇಲ್ಲ.

ಜೂಮ್ ಮಾಡಿದರೆ ಶಾರ್ಪ್ ಬರುತ್ತಿಲ್ಲ

ಕ್ಯಾಮೆರಾ ಜೊತೆ ಬರುವ 18-55 ಮಿ.ಮೀ. ಕಿಟ್ ಲೆನ್ಸಿನಲ್ಲಿ ಚೆನ್ನಾಗಿ ಬರುತ್ತದೆ, 300 ಮಿ.ಮೀ. ಹತ್ತಿರ ಹೋದರೆ ಹಕ್ಕಿಯ ಕಣ್ಣು ಹಿಟ್ಟು ಹಿಟ್ಟು. ಮೊದಲು ಶಟರ್ ಸ್ಪೀಡ್ ನೋಡಿ. 300ಕ್ಕೆ ಕೈಯಲ್ಲಿ ಹಿಡಿದು 1/100ರಲ್ಲಿ ತೆಗೆದಿದ್ದರೆ ತಪ್ಪು ನಿಮ್ಮದು. 1/500ರಲ್ಲೂ ಹಾಗೇ ಇದ್ದರೆ ಮೇಲಿನ ಮೂರು ಮೂರು ಪರೀಕ್ಷೆ ಮಾಡಿ. ಲೈವ್ ವ್ಯೂನಲ್ಲಿ 10 ಪಟ್ಟು ದೊಡ್ಡದು ಮಾಡಿ ದೂರದ ಬೋರ್ಡಿನ ಅಕ್ಷರಕ್ಕೆ ಫೋಕಸ್ ಮಾಡಿ. ನಮ್ಮ ಬಾಲ್ಕನಿಯಿಂದ ಸ್ಟೇಷನ್ ಕಡೆಯ ಒಂದು ಮರಾಠಿ ಬೋರ್ಡ್ ನನ್ನ ಖಾಯಂ ಪರೀಕ್ಷಾ ಪತ್ರಿಕೆ. ಅಕ್ಷರಗಳ ಮೇಲಿನ ತಲೆಗೆರೆ ಒಂದೇ ಗೆರೆಯಾಗಿ ನಿಂತರೆ ಸರಿ. ಅಗ್ಗದ ಫಿಲ್ಟರ್ ಹಾಕಿದಾಗ ಅದು ಎರಡಾಗುತ್ತದೆ.

ಯಾಕೆ ದೂರಕ್ಕೆ ಮಾತ್ರ? ಅಗ್ಗದ ಗಾಜಿನ ಎರಡು ಮುಖಗಳೂ ಪೂರ್ತಿ ಸಪಾಟಾಗಿ, ಒಂದಕ್ಕೊಂದು ಸಮನಾಗಿ ಇರುವುದಿಲ್ಲ. ಆ ಸಣ್ಣ ಅಲೆ ಅಗಲದ ನೋಟದ (ವೈಡ್) ಲೆನ್ಸಿನಲ್ಲಿ ಗೊತ್ತಾಗುವುದಿಲ್ಲ. ದೂರದ್ದನ್ನು ಹತ್ತಿರ ತರುವ ಟೆಲಿ ಲೆನ್ಸ್ ಚಿತ್ರದ ಜೊತೆ ಈ ಕೊರತೆಯನ್ನೂ ದೊಡ್ಡದು ಮಾಡಿ ತೋರಿಸುತ್ತದೆ. ಇದನ್ನು ತೊಳೆದು, ಒರೆಸಿ ಸರಿ ಮಾಡಲು ಆಗದು. ದೊಡ್ಡ ಜೂಮ್ ಲೆನ್ಸಿಗೆ ಒಳ್ಳೆಯ ಫಿಲ್ಟರ್ ಹಾಕಿ, ಇಲ್ಲವೇ ಹಾಕಲೇ ಬೇಡಿ. ನಡುವಿನ ದಾರಿ ಇಲ್ಲ.

ಫೋಕಸ್ ಸುಮ್ನೆ ಹಿಂದೆ ಮುಂದೆ ಓಡುತ್ತಿದ್ದರೆ ಇನ್ನೊಂದು ಸಂಗತಿ ನೋಡಿ. ಅಪ್ಪನದೋ ಚಿಕ್ಕಪ್ಪನದೋ ಹಳೆ ರೀಲ್ ಕ್ಯಾಮೆರಾದ ಡಬ್ಬಿಯಿಂದ ತೆಗೆದು ಹಾಕಿದ ಪೋಲರೈಜರ್ ಅದಾಗಿರಬಹುದು. ಹಳೆಯವು ಲೀನಿಯರ್ ಜಾತಿಯವು. ಡಿಎಸ್‌ಎಲ್‌ಆರ್‌ನ ಕನ್ನಡಿ ವ್ಯವಸ್ಥೆಗೆ ಅವು ಆಗಿಬರುವುದಿಲ್ಲ, ಫೋಕಸ್ಸೂ ಮೀಟರೂ ಎರಡೂ ತಪ್ಪಬಹುದು. ಸರ್ಕ್ಯುಲರ್ ಆದರೆ ರಿಂಗಿನ ಮೇಲೆ ಸಿ-ಪಿಎಲ್ ಅಂತ ಇರುತ್ತದೆ. ಕನ್ನಡಿ ಇಲ್ಲದ ಮಿರರ್‌ಲೆಸ್‌ಗೆ ಈ ತೊಂದರೆ ಇಲ್ಲ. ಯಾವ ಪೋಲರೈಜರನ್ನೂ ರಕ್ಷಣೆಗೆಂದು ಸದಾ ಹಾಕಿಡಬೇಡಿ. ಒಂದೂವರೆ ಎರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿಯುವುದು) ಬೆಳಕು ತಿನ್ನುತ್ತದೆ, ಆಮೇಲೆ ಹಾಲ್ ಒಳಗಿನ ಫೋಟೊ ಎಲ್ಲ ಅಲುಗಿದೆ ಅಂತ ಕೊರಗಬೇಕಾಗುತ್ತದೆ.

ನಾಲ್ಕೂ ಮೂಲೆ ಕಪ್ಪು

ಬಿಳಿ ಗೋಡೆಯ ಎರಡು ಫೋಟೊ ತೆಗೆಯಿರಿ, ಒಂದು ಅಪರ್ಚರ್ ಪೂರ್ತಿ ತೆರೆದು, ಇನ್ನೊಂದು ಅದನ್ನು ಚಿಕ್ಕದು ಮಾಡಿ ಎಫ್ 16ರಲ್ಲಿ. ಎಫ್ 16ರಲ್ಲಿ ಕಪ್ಪು ಮಾಯವಾದರೆ ಅದು ಲೆನ್ಸಿನ ಹುಟ್ಟುಗುಣ, ತೊಂದರೆಯಲ್ಲ. ಕಪ್ಪು ಹೋಗದೆ ಅಂಚು ಇನ್ನೂ ಸ್ಪಷ್ಟವಾಗಿ ಕಂಡರೆ ಫಿಲ್ಟರ್ ರಿಂಗ್ ಫ್ರೇಮಿನ ಒಳಗೆ ಇಣುಕುತ್ತಿದೆ. ಅಗಲದ ಲೆನ್ಸಿನ ಮೇಲೆ ದಪ್ಪ ರಿಂಗ್, ಅಥವಾ ಒಂದರ ಮೇಲೊಂದು ಎರಡು ಫಿಲ್ಟರ್. ಒಂದನ್ನು ತೆಗೆಯಿರಿ. ತೆಳು ರಿಂಗಿನದು ಕೊಳ್ಳುವುದಾದರೆ ಅದರ ಮುಂದುಗಡೆ ಥ್ರೆಡ್ ಇದೆಯೇ ನೋಡಿ. ಕೆಲವು ತೆಳು ಫಿಲ್ಟರ್‌ಗಳಿಗೆ ಇರುವುದಿಲ್ಲ, ಲೆನ್ಸ್ ಕ್ಯಾಪ್ ಕೂರದೆ ಎಲ್ಲೋ ಬಿದ್ದುಹೋಗುತ್ತದೆ. ನನ್ನ ಎರಡು ಕ್ಯಾಪ್ ಸೆಂಟ್ರಲ್ ಲೈನಿನಲ್ಲಿ ಎಲ್ಲೋ ಇವೆ.

ಬಣ್ಣ ಬದಲಾದಂತಿದೆ

ಫಿಲ್ಟರನ್ನು ಬಿಳಿ ಹಾಳೆಯ ಮೇಲಿಡಿ. ಗಾಜಿನ ಒಳಗಿನ ಬಿಳಿ, ಹೊರಗಿನ ಬಿಳಿ ಒಂದೇ ಥರ ಇರಬೇಕು. ಗುಲಾಬಿ ಛಾಯೆ ಇದ್ದರೆ ಅದು ಸ್ಕೈಲೈಟ್ ಫಿಲ್ಟರ್, ಹಳದಿ ಇದ್ದರೆ ರೀಲ್ ಕಾಲದ ಗಟ್ಟಿ ಯುವಿ (ನೇರಳಾತೀತ ಕಿರಣ ತಡೆಯುವ) ಫಿಲ್ಟರ್. ಡಿಜಿಟಲ್‌ನಲ್ಲಿ ವೈಟ್ ಬ್ಯಾಲೆನ್ಸ್ ಸರಿ ಮಾಡಿದರೆ ಹೋಗುತ್ತದೆ, ಹೊಸದು ಬೇಕೇಬೇಕು ಅಂತಿಲ್ಲ.

ಫಿಲ್ಟರ್ ಕೂರುತ್ತಲೇ ಇಲ್ಲ

"50 ಎಂಎಂ ಲೆನ್ಸ್, ಅದಕ್ಕೆ 50 ಎಂಎಂ ಫಿಲ್ಟರ್ ಕೊಡಿ" ಎಂದು ಕೇಳಿ ತಲೆ ಕೆರೆದುಕೊಂಡವರು ಬಹಳ. 50 ಅನ್ನುವುದು ಫೋಕಲ್ ಲೆಂಗ್ತ್, ಅಂದರೆ ಲೆನ್ಸ್ ಎಷ್ಟು ಹತ್ತಿರ ಎಳೆದು ತೋರಿಸುತ್ತದೆ ಅನ್ನುವುದು, ಬಾಯಿಯ ಅಳತೆ ಅಲ್ಲ. ಕ್ಯಾನನ್‌ನ 50 ಮಿ.ಮೀ. ಎಫ್ 1.8 ಎಸ್‌ಟಿಎಂಗೆ 49ರ ಫಿಲ್ಟರ್, ನಿಕಾನ್‌ನ 50 ಮಿ.ಮೀ. ಎಫ್ 1.8 ಜಿಗೆ 58ರದು. ಲೆನ್ಸಿನ ಮುಂದೆ ಅಥವಾ ಕ್ಯಾಪಿನ ಒಳಗೆ ಸೊನ್ನೆಗೆ ಅಡ್ಡ ಗೀಟು ಎಳೆದಂಥ ಗುರುತು ಇರುತ್ತದೆ, ಪಕ್ಕದ ನಂಬರೇ ಅಳತೆ. 49, 52, 55, 58, 62, 67, 72, 77, 82 ಹೀಗೆ ಹೋಗುತ್ತದೆ.

ಅಳತೆ ಸರಿ ಇದ್ದೂ ಓರೆಯಾಗಿ ಸಿಕ್ಕಿಕೊಂಡರೆ ಬಲ ಹಾಕಬೇಡಿ. ಮೊದಲು ಉಲ್ಟಾ ತಿರುಗಿಸಿ. 'ಟಿಕ್' ಅಂತ ಸಣ್ಣಗೆ ಕೆಳಗೆ ಇಳಿದದ್ದು ಬೆರಳಿಗೆ ಗೊತ್ತಾಗುತ್ತದೆ. ಅಲ್ಲಿಂದ ಮುಂದಕ್ಕೆ ತಿರುಗಿಸಿ. ಸ್ಟೀಲ್ ಡಬ್ಬಿಯ ತಿರುಪಿನ ಮುಚ್ಚಳ ಹಾಕುವಾಗ ಅಮ್ಮಂದಿರು ಮಾಡುವುದೂ ಇದನ್ನೇ. ನಿಕಾನ್‌ನ 14-24 ಎಫ್ 2.8 ಜಿ ಥರ ಮುಂದಿನ ಗಾಜು ಗೋಲಿಯಂತೆ ಉಬ್ಬಿರುವ ಲೆನ್ಸಿಗೆ ತಿರುಪಿನ ಫಿಲ್ಟರ್ ಬರುವುದೇ ಇಲ್ಲ, ಹುಡುಕಬೇಡಿ.

ಅಲುಗಾಡಿಸಿದರೆ ಗಲಗಲ ಅನ್ನುತ್ತದೆಯೇ? ರಿಂಗಿನ ಒಳಗೆ ಗಾಜನ್ನು ಹಿಡಿಯುವ ಇನ್ನೊಂದು ಸಣ್ಣ ಬಳೆ ಇರುತ್ತದೆ, ಅದು ಸಡಿಲವಾಗಿದೆ. ಅದರಲ್ಲಿ ಎರಡು ಕಚ್ಚು ಕಂಡರೆ ಅಂಗಡಿಯವರು ಸ್ಪ್ಯಾನರ್ ಹಾಕಿ ನಿಮಿಷದಲ್ಲಿ ಬಿಗಿದು ಕೊಡುತ್ತಾರೆ. ಚಾಕು ತುದಿಯಲ್ಲಿ ಪ್ರಯತ್ನಿಸಿದರೆ ಜಾರಿ ಗಾಜಿಗೆ ಗೀರು ಬೀಳುತ್ತದೆ.

ಬಿಚ್ಚಲು ಬರುತ್ತಿಲ್ಲ

ಇದು ನನ್ನದೇ ಅನುಭವ. ಗಣಪತಿ ವಿಸರ್ಜನೆ ದಿನ ಲಾಲ್‌ಬಾಗ್‌ನಲ್ಲಿದ್ದೆ. ಬೆಂಗಳೂರಿನ ಹೂದೋಟ ಅಲ್ಲ, ಪರೇಲ್ ಪಕ್ಕದ್ದು. ಗುಲಾಲು ಎಂದರೆ ಗುಲಾಲು, ಕಣ್ಣು ಬಿಡಲು ಆಗದಷ್ಟು. ಮನೆಗೆ ಬಂದು ನೋಡಿದರೆ ಫಿಲ್ಟರ್ ರಿಂಗ್ ಮತ್ತು ಲೆನ್ಸಿನ ನಡುವಿನ ಸಂದಿಯಲ್ಲಿ ಕೆಂಪು ಗೆರೆ. ಗುಲಾಲು ಮತ್ತು ನನ್ನ ಬೆವರು ಸೇರಿ ಗಾರೆಯಂತೆ ಗಟ್ಟಿಯಾಗಿತ್ತು. ಎಷ್ಟು ತಿರುಗಿಸಿದರೂ ಜಪ್ಪಯ್ಯ ಅನ್ನಲಿಲ್ಲ.

ಅಲ್ಲಿ ಮಾಡಿದ ತಪ್ಪು ಎಲ್ಲರೂ ಮಾಡುವಂಥದ್ದೇ. ಎರಡು ಬೆರಳಲ್ಲಿ ಗಟ್ಟಿಯಾಗಿ ಹಿಂಡಿದೆ. ಹಿಂಡಿದರೆ ತೆಳು ರಿಂಗ್ ಮೊಟ್ಟೆಯಾಕಾರಕ್ಕೆ ಬಾಗಿ ಇನ್ನೂ ಕಚ್ಚಿಕೊಳ್ಳುತ್ತದೆ. ಬಲ ಸುತ್ತಲೂ ಸಮನಾಗಿ ಬೀಳಬೇಕು. ಹಾಗಾಗಿ ಈ ಕ್ರಮದಲ್ಲಿ ಹೋಗಿ.

ಮೊದಲು ಬ್ಲೋವರ್‌ನಿಂದ ಸಂದಿಗೆ ಗಾಳಿ ಊದಿ, ಒಣ ಮೆತ್ತನೆಯ ಟೂತ್‌ಬ್ರಷ್‌ನಲ್ಲಿ ಪುಡಿ ಕೆರೆಯಿರಿ, ಲೆನ್ಸ್ ಕೆಳಮುಖ ಇರಲಿ. ಆಮೇಲೆ ಹಳೆಯ ಹವಾಯಿ ಚಪ್ಪಲಿಯ ತೊಳೆದ ಅಟ್ಟೆಯನ್ನೋ ಮೌಸ್‌ಪ್ಯಾಡ್‌ನ ರಬ್ಬರ್ ಮಗ್ಗುಲನ್ನೋ ನೆಲದ ಮೇಲಿಟ್ಟು, ಲೆನ್ಸನ್ನು ಬೋರಲು ಹಾಕಿ, ಮೆಲ್ಲಗೆ ಒತ್ತಿ ತಿರುಗಿಸಿ. ಲೆನ್ಸನ್ನು ಮುಂದಿನಿಂದ ನೋಡುವಾಗ ಫಿಲ್ಟರ್ ಗಡಿಯಾರದ ಮುಳ್ಳಿನ ಉಲ್ಟಾ ತಿರುಗಬೇಕು. ಬೋರಲು ಹಾಕಿದಾಗ ದಿಕ್ಕು ತಲೆ ತಿರುಗಿಸುತ್ತದೆ, ಮೊದಲೇ ಲೆಕ್ಕ ಹಾಕಿಕೊಳ್ಳಿ. ಆಗಲಿಲ್ಲವೇ, ರಿಂಗಿಗೆ ಎರಡು ಅಗಲದ ರಬ್ಬರ್ ಬ್ಯಾಂಡ್ ಸುತ್ತಿ ಐದೂ ಬೆರಳಲ್ಲಿ ಹಗುರವಾಗಿ ಹಿಡಿದು ತಿರುಗಿಸಿ. ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಕೂಡ ಆಗುತ್ತದೆ. ನನ್ನದು ಬಿಚ್ಚಿದ್ದು ಅದರಲ್ಲೇ. ಕೊನೆಗೆ ಪ್ಲಾಸ್ಟಿಕ್ಕಿನ ಫಿಲ್ಟರ್ ರೆಂಚ್ ಜೋಡಿ ಸಿಗುತ್ತದೆ, ಕಡಿಮೆ ದುಡ್ಡು.

ಈ ಹೊತ್ತಿನಲ್ಲಿ ಇನ್ನೊಂದು ಕೈ ಎಲ್ಲಿದೆ ಅನ್ನುವುದು ಮುಖ್ಯ. ಕಿಟ್ ಲೆನ್ಸಿನ ಹಿಂದಿನ ಭಾಗ ಹಿಡಿದು ಮುಂದೆ ತಿರುಗಿಸಿದರೆ ನೀವು ತಿರುಗಿಸುತ್ತಿರುವುದು ಫಿಲ್ಟರ್ ಅಲ್ಲ, ಒಳಗಿನ ಫೋಕಸ್ ಗೇರ್. ಫಿಲ್ಟರ್‌ಗೆ ತಾಗಿಕೊಂಡಿರುವ ಕೊಳವೆಯನ್ನೇ ಹಿಡಿಯಿರಿ. ಬಾಗಿಲಿನ ಕೀಲಿಗೆ ಹೊಡೆಯುವ ಎಣ್ಣೆ ಸ್ಪ್ರೇ, ಕೊಬ್ಬರಿ ಎಣ್ಣೆ ಯಾವುದೂ ಬೇಡ, ಅದು ಹರಿದು ಗಾಜುಗಳ ನಡುವೆ ಸೇರುತ್ತದೆ. ಇಕ್ಕಳ ಕೈಗೆತ್ತಿಕೊಳ್ಳಬೇಕು ಅನ್ನಿಸಿದ ಗಳಿಗೆಯೇ ನಿಲ್ಲಿಸುವ ಗಳಿಗೆ. ರಿಪೇರಿಯವರಿಗೆ ಇದು ದಿನದ ಕೆಲಸ.

ಮುಂದೆ ಹೀಗಾಗದಿರಲು ಬೆರಳ ತುದಿಯಲ್ಲಿ ತಾಗುವಷ್ಟು ಬಿಗಿದರೆ ಸಾಕು, ತಿಂಗಳಿಗೊಮ್ಮೆ ಬಿಚ್ಚಿ ಹಾಕಿ. ಹಿತ್ತಾಳೆ ರಿಂಗ್ ಇದ್ದರೆ ಅಲ್ಯುಮಿನಿಯಂನಷ್ಟು ಸುಲಭವಾಗಿ ಕಚ್ಚಿಕೊಳ್ಳುವುದಿಲ್ಲ. ದುಡ್ಡು ಜಾಸ್ತಿ, ಆದರೆ ಸುಮ್ನೆ ಅಲ್ಲ.

ಫಿಲ್ಟರ್ ಒಡೆದಿದೆ

ದಾದರ್‌ನಲ್ಲಿ ಇಳಿಯುವಾಗ ಲೋಕಲ್ ಬಾಗಿಲಿನ ನಡುಗಂಬಕ್ಕೆ ತಾಗಿತು ಅನ್ನಿ. ಮೊದಲು ಲೆನ್ಸನ್ನು ಕೆಳಮುಖ ಮಾಡಿ. ಮೇಲ್ಮುಖ ಇಟ್ಟುಕೊಂಡು ಬಿಚ್ಚಲು ಹೋದರೆ ಚೂರುಗಳು ಲೆನ್ಸಿನ ಮೇಲೆ ಉರುಳಿ ಗೀರುತ್ತವೆ. ಜೂಮ್ ತಿರುಗಿಸಬೇಡಿ, ಫೋಕಸ್ ಮಾಡಬೇಡಿ, ಬಟ್ಟೆ ಮುಟ್ಟಿಸಬೇಡಿ. ಹಾಳೆ ಹಾಸಿ ಕೆಳಮುಖವಾಗಿಯೇ ಮೆಲ್ಲಗೆ ತಟ್ಟಿ, ಬ್ಲೋವರ್‌ನಿಂದ ಊದಿ. ಬಾಯಿಂದ ಊದಿದರೆ ಪುಡಿ ಕಣ್ಣಿಗೆ ಬರುತ್ತದೆ. ದೊಡ್ಡ ಚೂರುಗಳನ್ನು ಚಿಮಟಿಯಿಂದ ಎತ್ತಿ, ಹಾಳೆಯನ್ನು ಮಡಿಸಿ ಟೇಪ್ ಸುತ್ತಿಯೇ ಕಸಕ್ಕೆ ಹಾಕಿ, ಕಸ ಎತ್ತುವವರ ಕೈ ಕೊಯ್ಯಬಾರದು.

ರಿಂಗ್ ನೆಗ್ಗಿದ್ದು ತಿರುಗದಿದ್ದರೆ ಅಲ್ಲಿಗೇ ಬಿಡಿ. ಲೆನ್ಸಿನ ಥ್ರೆಡ್ ಕೂಡ ಬಾಗಿರಬಹುದು, ಅದನ್ನು ನೇರ ಮಾಡುವ ಉಪಕರಣ ರಿಪೇರಿಯವರ ಹತ್ತಿರ ಇರುತ್ತದೆ. ಬಿದ್ದ ಮೇಲೆ ಲೆನ್ಸಿನ ಒಳಗೆ ಹೊಸ ಸದ್ದು, ಫೋಟೊದ ಒಂದು ಮಗ್ಗುಲು ಶಾರ್ಪ್ ಇನ್ನೊಂದು ಮಗ್ಗುಲು ಮಬ್ಬು, ಇವೆರಡರಲ್ಲಿ ಒಂದಿದ್ದರೂ ಗಾಜು ಜಾಗ ಬಿಟ್ಟಿದೆ. ಮನೆಯಲ್ಲಿ ಮಾಡುವಂಥದ್ದಲ್ಲ.

ಇಂಥ ಹೊತ್ತಲ್ಲಿ ಪಕ್ಕದವರು ಹೇಳುವ ಮಾತು: "ಫಿಲ್ಟರ್ ಇತ್ತು, ಲೆನ್ಸ್ ಉಳೀತು." ಆಗಿರಬಹುದು, ಆಗದೆಯೂ ಇರಬಹುದು. ಫಿಲ್ಟರ್ ಗಾಜು ತೆಳು, ಲೆನ್ಸಿನ ಮುಂದಿನ ಗಾಜು ಅದಕ್ಕಿಂತ ಎಷ್ಟೋ ದಪ್ಪ. ಫಿಲ್ಟರ್ ಒಡೆಯುವ ಪೆಟ್ಟಿಗೆ ಲೆನ್ಸ್ ಒಡೆಯುತ್ತಿರಲಿಲ್ಲವೇನೋ. ಪೆಟ್ಟು ತಡೆಯಲು ನಾನು ನಂಬುವುದು ಲೆನ್ಸ್ ಹುಡ್ ಅನ್ನು, ಅಂದರೆ ಲೆನ್ಸಿನ ಮುಂದೆ ಹಾಕುವ ಗಾಜಿಲ್ಲದ ಕೊಳವೆಯನ್ನು. ಉಪ್ಪು, ಗುಲಾಲು, ಧೂಳು, ಮಗುವಿನ ಜಾಮ್ ಹಚ್ಚಿದ ಬೆರಳು, ಇವಕ್ಕೆ ಫಿಲ್ಟರ್.

ಒಳಗೆ ಜೇಡರ ಬಲೆಯಂಥದ್ದು

ಜುಲೈಯಲ್ಲಿ ಬ್ಯಾಗಿಗೆ ಹಾಕಿದ ಕ್ಯಾಮೆರಾವನ್ನು ದಸರೆಗೆ ತೆಗೆದಾಗ ಕಾಣುವುದು ಇದು. ಕವಲೊಡೆದ ಬೇರಿನಂತೆ ಬೆಳ್ಳಗಿನ ಎಳೆಗಳು. ಫಂಗಸ್, ಅಂದರೆ ನಮ್ಮ ಬೂಷ್ಟು. ಫಿಲ್ಟರ್ ಬಿಚ್ಚಿ ಎರಡನ್ನೂ ಬೇರೆ ಬೇರೆ ಟಾರ್ಚ್‌ಗೆ ಹಿಡಿಯಿರಿ. ಫಿಲ್ಟರ್ ಮೇಲೆ ಇದ್ದರೆ ನಿಮ್ಮ ಅದೃಷ್ಟ, ಸೋಪಿನಲ್ಲಿ ತೊಳೆಯಿರಿ, ಗುರುತು ಉಳಿದರೆ ಎಸೆಯಿರಿ. ಲೆನ್ಸಿನ ಒಳಗಿದ್ದರೆ ಸರ್ವಿಸ್‌ಗೆ ಬೇಗ ಕೊಡಿ, ಬಿಟ್ಟಷ್ಟೂ ಕೋಟಿಂಗನ್ನು ತಿನ್ನುತ್ತದೆ. ಬಿಸಿಲಿಗೆ ಇಟ್ಟರೆ ಸಾಯುತ್ತದೆ ಅಂತ ಬಾಲ್ಕನಿಯಲ್ಲಿ ಲೆನ್ಸ್ ಇಟ್ಟು ಹೋಗಬೇಡಿ. ಅದು ಭೂತಗನ್ನಡಿ ಇದ್ದ ಹಾಗೆ, ಒಣಗಲು ಹಾಕಿದ ಬಟ್ಟೆಗೆ ಬೆಂಕಿ ಹತ್ತಬಹುದು.

ತಡೆಯಲು ದೊಡ್ಡ ಕಪಾಟು ಬೇಕಿಲ್ಲ. ರಬ್ಬರ್ ಅಂಚಿನ ಗಾಳಿಯಾಡದ ಅಕ್ಕಿ ಡಬ್ಬಿ, ಸಿಲಿಕಾ ಜೆಲ್, ಒಳಗೊಂದು ಸಣ್ಣ ತೇವ ಮಾಪಕ. 40ರಿಂದ 50 ಶೇಕಡಾ ನಡುವೆ ಇರಲಿ.

ಹಾಗಾದರೆ ಅಂಗಡಿಯಲ್ಲಿ ಏನು ಕೇಳಬೇಕು

ಯುವಿ ಅಂತಲೇ ಹಟ ಬೇಡ. ರೀಲ್ ಕಾಲದಲ್ಲಿ ಫಿಲ್ಮಿಗೆ ಯುವಿ ತಾಗಿ ದೂರದ ಬೆಟ್ಟ ನೀಲಿ ಮಬ್ಬಾಗುತ್ತಿತ್ತು, ಆಗ ಬೇಕಿತ್ತು. ಡಿಜಿಟಲ್ ಕ್ಯಾಮೆರಾದ ಸೆನ್ಸರ್ ಮುಂದೆ ಅದನ್ನು ತಡೆಯುವ ಪದರ ಮೊದಲೇ ಇರುತ್ತದೆ. ಪ್ರೊಟೆಕ್ಟರ್ ಅಥವಾ ಕ್ಲಿಯರ್ ಅಂತ ಕೇಳಿ. ಯುವಿಯೂ ಕ್ಲಿಯರೂ ಒಂದೇ ಬೆಲೆಗೆ ಸಿಕ್ಕರೆ ಯಾವುದಾದರೂ ನಡೆಯುತ್ತದೆ. ಕ್ಯಾನನ್‌ನ 17-40 ಎಫ್ 4 ಎಲ್ ಥರದ ಕೆಲವು ಲೆನ್ಸ್‌ಗಳಿಗೆ ಮುಂದೆ ಫಿಲ್ಟರ್ ಹಾಕಿದರೇ ಧೂಳು ನೀರಿನ ತಡೆ ಪೂರ್ತಿಯಾಗುವುದು ಅಂತ ಕಂಪನಿಯೇ ಹೇಳುತ್ತದೆ. ಅಂಥವರು ಮಳೆಗಾಲದಲ್ಲಿ ಹಾಕಲೇಬೇಕು. ಕಿಟ್ ಲೆನ್ಸಿಗೆ ಅದರ ಅರ್ಧ ಬೆಲೆಯ ಫಿಲ್ಟರ್ ಹಾಕುವುದು ನನಗೆ ಸರಿ ಕಾಣುವುದಿಲ್ಲ, ಹುಡ್ ಹಾಕಿ ಸುಮ್ಮನಿರಿ.

ಫೋರ್ಟ್ ಕಡೆಯ ಕ್ಯಾಮೆರಾ ಅಂಗಡಿಗೆ ಹೋಗುವಾಗ ಲೆನ್ಸ್ ಜೊತೆಗೇ ಇರಲಿ. ಮೂರು ಡಬ್ಬಿ ತೆಗೆಸಿ. ಹೆಸರು, ಮೇಲಿನ ಅಕ್ಷರ ಆಮೇಲೆ. ಮೂರನ್ನೂ ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ಸಾಲಾಗಿ ಓರೆ ಹಿಡಿದು ಯಾವುದರಲ್ಲಿ ಟ್ಯೂಬ್ ಅತಿ ಮಂಕಾಗಿ ಕಾಣುತ್ತದೆ ನೋಡಿ. ಬಿಳಿ ಬಿಲ್ಲಿನ ಮೇಲಿಟ್ಟು ಬಣ್ಣ ನೋಡಿ. ಲೆನ್ಸಿಗೆ ಹಾಕಿ, ಬಿಚ್ಚಿ, ಕ್ಯಾಪ್ ಕೂರುತ್ತದೆಯೇ ನೋಡಿ. ಕೌಂಟರಿನವರು ಮೊದಲು ಹುಬ್ಬು ಗಂಟಿಕ್ಕುತ್ತಾರೆ. ಅಕ್ಕನ ಮಗನ ಜೊತೆ ಹೋದಾಗ ಹೀಗೇ ಆಯಿತು. ಆಮೇಲೆ ಅವರೇ ಒಳಗಿನಿಂದ ನಾಲ್ಕನೆಯ ಡಬ್ಬಿ ತಂದರು. ಅದನ್ನೇ ತೆಗೆದುಕೊಂಡೆವು.

ಹಳೆಯದನ್ನು ಅವನು ಎಸೆಯಲಿಲ್ಲ. ಅದರ ಅಂಚಿಗೆ ಸುತ್ತಲೂ ವ್ಯಾಸಲೀನ್ ಸವರಿ, ನಡುವೆ ರೂಪಾಯಿಯಗಲ ಜಾಗ ಬಿಟ್ಟು, ತಂಗಿಯ ಹುಟ್ಟುಹಬ್ಬಕ್ಕೆ ಮಸುಕು ಮಸುಕಾದ ಫೋಟೊ ತೆಗೆದು ಕಳಿಸಿದ್ದಾನೆ. "ಮಾವ, ಇದು ಲೆನ್ಸಿನ ತೊಂದರೆ ಅಲ್ಲ, ಬೇಕಂತಲೇ ಮಾಡಿದ್ದು" ಅಂತ ಕೆಳಗೆ ಬರೆದಿದ್ದ.